ಮುಖವೇ ಇಲ್ಲದ ಹಮಾಲರ ಚಿತ್ರದಲ್ಲಿ ನೋಡೋದೇನು?

ಪ್ರಶ್ನೆ: ನನ್ನ ತಂಗಿಯ ಮಗ ಚಿತ್ರಕಲೆ ಓದುತ್ತಿದ್ದಾನೆ. ರಜೆಗೆ ರಾಯಚೂರಿಗೆ ಬಂದಾಗ ನಮ್ಮ ಮನೆಯವರ ಜೊತೆ ಮಾರುಕಟ್ಟೆಗೆ, ಅಂದರೆ ಗಂಜ್‌ಗೆ ಹೋಗಿದ್ದ. ಹತ್ತಿ ಲಾರಿ ಖಾಲಿ ಆಗೋ ತನಕ ಕಾಯಬೇಕಾಗಿತ್ತು. ಅಲ್ಲೇ ನಿಂತಿದ್ದ ಹಮಾಲರೊಬ್ಬರನ್ನು ನೋಡಿ ಪೆನ್ಸಿಲ್ ಸ್ಕೆಚ್ ಮಾಡಿದ. ಎರಡು ಮೂರು ನಿಮಿಷವೂ ಹಿಡಿಯಲಿಲ್ಲವಂತೆ. ಊರಿಗೆ ಹೋಗುವಾಗ "ದೊಡ್ಡಮ್ಮ, ಇದು ಛಲೋ ಬಂದದ, ಇಟ್ಕೋ" ಅಂತ ಹಾಳೆ ಹರಿದು ಕೊಟ್ಟ. ನಮ್ಮ ಮನೆಯವರು ನೋಡಿ "ಮಾರಿನೇ ಇಲ್ಲಲ್ಲ ಇದಕ್ಕ!" ಅಂದರು. ನಿಜ, ಮುಖ ಬರೀ ಮೊಟ್ಟೆ ಆಕಾರದಲ್ಲಿದೆ. ಎಡಗಾಲಿಗೆ ಮೂರು ಗೆರೆ ಇವೆ, ಅಳಿಸಿಯೂ ಇಲ್ಲ. ಫೋಟೋ ಕಳಿಸಿದ್ದೇನೆ. ಇದರಲ್ಲಿ ಚೆನ್ನಾಗಿರೋದು ಏನು ಅಂತ ಹೇಗೆ ನೋಡಬೇಕು, ಸರ್? ಫ್ರೇಮ್ ಹಾಕಿಸಬಹುದಾ?

ಉತ್ತರ: ಚಿತ್ರ ಚೆನ್ನಾಗಿದೆ, ಮೇಡಂ. ಎಲ್ಲ ಕಡೆಯೂ ಅಲ್ಲ. ಬಲಗೈ ಹತ್ತಿರ ಸೋತಿದೆ, ಅದನ್ನು ಆಮೇಲೆ ಹೇಳುತ್ತೇನೆ. ಆದರೆ ಮುಖ್ಯವಾದ ಕೆಲಸ ಆಗಿದೆ. ಆ ಹಮಾಲರು ನಿಜವಾಗಿ ನಿಂತಿದ್ದಾರೆ.

ನಿಂತವರ ಚಿತ್ರ ಬರೆದರೆ ನಿಂತೇ ಇರುತ್ತಾರಲ್ವಾ, ಅದೇನು ದೊಡ್ಡ ವಿಷಯ ಅಂತ ನೀವು ಕೇಳಬಹುದು. ಹಾಗೇನಿಲ್ಲ. ಬಳ್ಳಾರಿಯಲ್ಲಿ ಮಕ್ಕಳಿಗೆ ಡ್ರಾಯಿಂಗ್ ಕಲಿಸುವ ನಾನು ದಿನಾ ನೋಡೋದು ಇದನ್ನೇ. ಕಾಗದದ ಮೇಲೆ ಬರೆದ ಮನುಷ್ಯರಲ್ಲಿ ಜಾಸ್ತಿ ಜನ ನಿಂತಿರೋದೇ ಇಲ್ಲ. ಗೂಟಕ್ಕೆ ಸಿಕ್ಕಿಸಿದ ಅಂಗಿಯ ಹಾಗೆ ನೇತಾಡುತ್ತಿರುತ್ತಾರೆ. ಕಣ್ಣು, ಮೂಗು, ಅಂಗಿಯ ಗುಂಡಿ ಎಲ್ಲಾ ಇರುತ್ತದೆ. ಪಾದವೂ ನೆಲಕ್ಕೆ ತಾಗಿರುತ್ತದೆ. ಆದರೆ ಮೈಯ ಭಾರ ಪಾದಕ್ಕೆ ಬಂದಿರುವುದಿಲ್ಲ. ನಿಂತ ವ್ಯಕ್ತಿಯ ಸ್ಕೆಚ್ ಯಾರದ್ದೇ ಆಗಲಿ, ಕೈಗೆ ಬಂದ ಕೂಡಲೇ ಮೊದಲು ಹುಡುಕಬೇಕಾದ್ದು ಆ ಭಾರವನ್ನು. ಉಳಿದದ್ದೆಲ್ಲ ಆಮೇಲೆ.

ನಿಲ್ಲೋದು ಸುಮ್ನೆ ಆಗುವ ಕೆಲಸ ಅಲ್ಲ. ದೊಡ್ಡವರ ಮೈಯ ತೂಕದ ನಡುಬಿಂದು ಸೊಂಟದ ಮಟ್ಟದಲ್ಲಿ, ಒಟ್ಟು ಎತ್ತರದ ಅರ್ಧಕ್ಕಿಂತ ಸ್ವಲ್ಪ ಮೇಲೆ ಇರುತ್ತದೆ. ಅಷ್ಟು ಮೇಲಿರುವ ತೂಕವನ್ನು ಎರಡು ಸಣ್ಣ ಪಾದಗಳ ಮೇಲೆ ನಿಲ್ಲಿಸಬೇಕು. ಅಲುಗಾಡದೆ ನಿಂತಿದ್ದೇನೆ ಅಂದುಕೊಂಡಾಗಲೂ ಮೈ ಸ್ವಲ್ಪ ಸ್ವಲ್ಪ ಓಲಾಡುತ್ತಲೇ ಇರುತ್ತದೆ, ಸ್ನಾಯುಗಳು ಅದನ್ನು ಸರಿ ಮಾಡುತ್ತಲೇ ಇರುತ್ತವೆ. ಹಾಗಾಗಿ ಜಾಸ್ತಿ ಹೊತ್ತು ಕಾಯುವವರು ಎರಡೂ ಕಾಲಿಗೆ ಸಮನಾಗಿ ಭಾರ ಹಾಕಿ ನಿಲ್ಲುವುದಿಲ್ಲ. ಒಂದು ಕಾಲಿನ ಮೇಲೆ ಭಾರ ಬಿಟ್ಟು ಇನ್ನೊಂದನ್ನು ಸಡಿಲ ಬಿಡುತ್ತಾರೆ. ಅದು ನೋಯತೊಡಗಿದರೆ ಬದಲಿಸುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಒಂದು ಗಳಿಗೆ ನೋಡಿದರೆ ಇದು ಕಾಣುತ್ತದೆ.

ಭಾರ ಒಂದೇ ಕಾಲಿಗೆ ಬಂದಾಗ ಮೈಯೊಳಗೆ ಏನೇನು ಆಗುತ್ತದೆ ನೋಡಿ. ಭಾರ ಹೊತ್ತ ಕಾಲಿನ ಕಡೆ ಸೊಂಟ ಮೇಲಕ್ಕೆ ಏಳುತ್ತದೆ. ಇನ್ನೊಂದು ಕಡೆ ಇಳಿಯುತ್ತದೆ. ಸೊಂಟ ಓರೆಯಾಯಿತು ಅಂತ ಬೆನ್ನು ಮೂಳೆ ಬಳುಕುತ್ತದೆ. ಅದಕ್ಕೆ ಸರಿಹೊಂದಲು, ಸೊಂಟ ಎದ್ದ ಕಡೆಯ ಭುಜ ಸ್ವಲ್ಪ ಕೆಳಗೆ ಬರುತ್ತದೆ. ಭುಜದ ಓರೆ ಒಂದು ಕಡೆ, ಸೊಂಟದ ಓರೆ ಅದಕ್ಕೆ ಎದುರು ಕಡೆ. ಸಡಿಲ ಬಿಟ್ಟ ಕಾಲಿನ ಮೊಣಕಾಲು ಮುಂದಕ್ಕೆ ಮಡಚುತ್ತದೆ. ಕತ್ತಿನ ಬುಡದಲ್ಲಿರುವ ಗುಳಿಯಿಂದ ನೇರ ಕೆಳಕ್ಕೆ ಒಂದು ದಾರ ಬಿಟ್ಟರೆ, ಅದು ಭಾರ ಹೊತ್ತ ಪಾದದ ಒಳಗಂಟಿನ ಹತ್ತಿರ ಬೀಳುತ್ತದೆ. ಗ್ರೀಕ್ ಶಿಲ್ಪಿಗಳು ಇದನ್ನು ಕಲ್ಲಿನಲ್ಲಿ ತೋರಿಸಲು ಶುರು ಮಾಡಿದ್ದು ಕ್ರಿ.ಪೂ. 480ರ ಸುಮಾರಿಗೆ. ನಮ್ಮ ಶಿಲ್ಪಶಾಸ್ತ್ರದವರು ನೆಟ್ಟಗೆ ನಿಂತದ್ದಕ್ಕೆ ಸಮಭಂಗ, ಸ್ವಲ್ಪ ಬಳುಕಿದ್ದಕ್ಕೆ ಆಭಂಗ, ಮೂರು ಕಡೆ ಬಳುಕಿದ್ದಕ್ಕೆ ತ್ರಿಭಂಗ ಅಂತ ಹೆಸರಿಟ್ಟರು. ನಿಮ್ಮ ಹಮಾಲರದ್ದು ಆಭಂಗ.

ಈಗ ನಿಮ್ಮ ಹಾಳೆಗೆ ಬನ್ನಿ. ನೀವು ಕಳಿಸಿದ ಫೋಟೋವನ್ನು ಪ್ರಿಂಟ್ ತೆಗೆಸಿ ಅದರ ಮೇಲೆ ದಾರ ಇಟ್ಟು ನೋಡಿದೆ. ಮೇಸ್ತ್ರಿಗಳು ಗೋಡೆ ನೆಟ್ಟಗಿದೆಯಾ ಅಂತ ನೋಡಲು ಗುಂಡು ಕಟ್ಟಿದ ದಾರ ಬಿಡುತ್ತಾರಲ್ಲ, ಅದೇ ಲೆಕ್ಕ. ಕತ್ತಿನ ಗುಳಿಯಿಂದ ಹೊರಟ ದಾರ ಬಲಪಾದದ ಒಳಗಂಟಿಗೆ ಸರಿಯಾಗಿ ಬಂತು. ಹುಡುಗ ಸ್ಕೇಲ್ ಇಟ್ಟು ಬರೆದಿಲ್ಲ, ಕಣ್ಣಳತೆಯಲ್ಲೇ ಬಂದಿದೆ. ಎರಡು ಮೂರು ನಿಮಿಷದಲ್ಲಿ ಇದು ಬಂತು ಅಂದರೆ ಅವನು ಬಹಳ ಜನ ನಿಂತಿರೋದನ್ನು ನೋಡಿ ಬರೆದಿದ್ದಾನೆ ಅಂತ ಅರ್ಥ.

ನೀವೇ ಪರೀಕ್ಷೆ ಮಾಡೋದಾದರೆ ಒಂದು ಎಚ್ಚರ ಇರಲಿ. ಗೋಡೆಗೆ ಒರಗಿದವರಿಗೆ ಈ ದಾರದ ಲೆಕ್ಕ ಸಲ್ಲುವುದಿಲ್ಲ, ಭಾರದಲ್ಲಿ ಗೋಡೆಗೂ ಪಾಲಿರುತ್ತದೆ. ಮೂಟೆ ಹೊತ್ತವರಿಗೂ ಸಲ್ಲುವುದಿಲ್ಲ. ಬೆನ್ನ ಮೇಲೆ ಚೀಲ ಬಂದ ಕೂಡಲೇ ಹಮಾಲರು ಮುಂದಕ್ಕೆ ಬಾಗುತ್ತಾರೆ. ಮನುಷ್ಯನ ತೂಕ, ಚೀಲದ ತೂಕ ಎರಡೂ ಸೇರಿ ಪಾದದ ಮೇಲೆ ಬೀಳಬೇಕು, ಅದಕ್ಕೆ. ಅವರನ್ನು ಚೀಲ ಬಿಟ್ಟು ಬರೀ ಮೈ ಬರೆದರೆ ಮುಗ್ಗರಿಸಿ ಬೀಳುವವರ ಹಾಗೆ ಕಾಣುತ್ತಾರೆ.

ಇನ್ನು ಗೆರೆಗಳ ವಿಷಯ. ನನಗೆ ಜಾಸ್ತಿ ಖುಷಿಯಾದದ್ದು ಇಲ್ಲೇ.

ಹಾಳೆಯನ್ನು ಕಿಟಕಿ ಹತ್ತಿರ ಹಿಡಿದು, ಎಲ್ಲಿ ಪೆನ್ಸಿಲ್ ಒತ್ತಿದೆ, ಎಲ್ಲಿ ತೇಲಿದೆ ಅಂತ ಮಾತ್ರ ನೋಡಿ. ಚಿತ್ರ ಏನು ಅನ್ನೋದನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಬಲ ಹಿಮ್ಮಡಿಯ ಕೆಳಗೆ ಕಪ್ಪು ಗಾಢವಾಗಿದೆ, ಅಲ್ಲಿ ಪೆನ್ಸಿಲ್ ನಿಂತು ತಿರುಗಿದೆ. ಬಲ ಸೊಂಟದ ಹೊರ ಅಂಚಿನಲ್ಲಿ ಗೆರೆ ದಪ್ಪಗಿದೆ. ಎಡಗಾಲಿನ ಗೆರೆಗಳು ಇದ್ದೂ ಇಲ್ಲದ ಹಾಗಿವೆ. ಎಡಪಾದಕ್ಕಂತೂ ಬೆರಳ ತುದಿಯಲ್ಲಿ ಒಂದು ಕೊಕ್ಕೆ ಬಿಟ್ಟರೆ ಏನೂ ಇಲ್ಲ. ಮೈಯಲ್ಲಿ ಎಲ್ಲಿ ಒತ್ತಡ ಇತ್ತೋ ಅಲ್ಲೇ ಕೈಯೂ ಒತ್ತಿದೆ. ಎಲ್ಲಿ ಭಾರ ಇರಲಿಲ್ಲವೋ ಅಲ್ಲಿ ಕೈ ಹಗುರವಾಗಿದೆ. ಇದನ್ನು ಯೋಚನೆ ಮಾಡಿ ಮಾಡೋಕೆ ಎರಡು ನಿಮಿಷ ಸಾಲದು. ನೋಡುತ್ತಾ ನೋಡುತ್ತಾ ಕೈಗೆ ಬರಬೇಕು.

ಫೋಟೋ ಮೇಲೆ ಕಾಗದ ಇಟ್ಟು ತಿದ್ದಿದ ಚಿತ್ರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಅಳತೆ ಎಲ್ಲಾ ಸರಿಯಾಗಿರುತ್ತದೆ. ಆದರೆ ಗೆರೆ ತಲೆಯಿಂದ ಕಾಲಿನ ತನಕ ಒಂದೇ ದಪ್ಪ, ಒಂದೇ ವೇಗ. ಕಿವಿಗೂ ಹಿಮ್ಮಡಿಗೂ ಒಂದೇ ಮರ್ಯಾದೆ.

ಎಡಗಾಲಿನ ಮೂರು ಗೆರೆಗೆ ಬರೋಣ. ಅವು ತಪ್ಪಲ್ಲ. ಮೂರೂ ಬೇರೆ ಬೇರೆ ಜಾಗದಲ್ಲಿವೆ, ಗಮನಿಸಿ. ಮೊದಲನೆಯದು ಹೊರಗೆ ಇದೆ, ಎರಡನೆಯದು ಒಳಗೆ, ಮೂರನೆಯದು ನಡುವೆ ಸ್ವಲ್ಪ ಗಟ್ಟಿಯಾಗಿ. ಒಂದೋ ಅವರು ಕಾಲು ಸರಿಸಿದ್ದಾರೆ, ಇಲ್ಲ ಹುಡುಗ ಜಾಗ ಹುಡುಕಿದ್ದಾನೆ. ಹುಡುಕುವ ಗೆರೆ ಹೀಗೆ ಜಾಗ ಬದಲಿಸುತ್ತದೆ. ಇನ್ನೊಂದು ಜಾತಿಯ ಗೆರೆ ಇದೆ, ಅದು ಒಂದೇ ಜಾಗದಲ್ಲಿ ಸಣ್ಣ ಸಣ್ಣ ತುಂಡಾಗಿ, ಮೈಮೇಲೆ ಕೂದಲು ಬಂದ ಹಾಗೆ ಕಾಣುತ್ತದೆ. ಅದು ಭಯದ ಗೆರೆ. ಮಕ್ಕಳು ರಬ್ಬರ್ ಕೈಯಲ್ಲಿ ಹಿಡಿದೇ ಕೂತಾಗ ಬರೋದು ಅದು. ಕ್ಲಾಸಿನಲ್ಲಿ ನಾನು ಎರಡು ನಿಮಿಷದ ಸ್ಕೆಚ್ ಮಾಡಿಸುವಾಗ ರಬ್ಬರ್ ಎಲ್ಲಾ ಎತ್ತಿಟ್ಟುಬಿಡುತ್ತೇನೆ. ಸಮಯ ಉಳಿಸೋಕೆ ಮಾತ್ರ ಅಲ್ಲ. ತಪ್ಪು ಗೆರೆ ಕಣ್ಣಮುಂದೆ ಇದ್ದರೆ, ಸರಿ ಗೆರೆ ಅದರಿಂದ ಎಷ್ಟು ದೂರ ಅಂತ ಗೊತ್ತಾಗುತ್ತದೆ. ಅಳಿಸಿಬಿಟ್ಟರೆ ಮತ್ತೆ ಅದೇ ತಪ್ಪು ಜಾಗಕ್ಕೆ ಕೈ ಹೋಗುತ್ತದೆ.

ಲುಂಗಿಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ್ದಾರಲ್ಲ, ಅದರಿಂದ ಬಲಗಾಲು ಪೂರ್ತಿ ಕಾಣುತ್ತದೆ. ಅದನ್ನು ಹತ್ತಿರದಿಂದ ನೋಡಿ. ಮೀನಖಂಡದ ಹೊರಗಿನ ಉಬ್ಬು ಮೇಲೆ, ಒಳಗಿನ ಉಬ್ಬು ಅದಕ್ಕಿಂತ ಕೆಳಗೆ ಇದೆ. ಪಾದದ ಗಂಟಿನಲ್ಲಿ ಉಲ್ಟಾ, ಒಳಗಂಟು ಮೇಲೆ, ಹೊರಗಂಟು ಕೆಳಗೆ. ನಿಮ್ಮ ಕಾಲನ್ನೇ ಮುಟ್ಟಿ ನೋಡಬಹುದು. ಕಲಿಯದವರು ಎರಡೂ ಕಡೆ ಒಂದೇ ಎತ್ತರಕ್ಕೆ ಉಬ್ಬು ಬರೆಯುತ್ತಾರೆ, ಕಾಲು ಊದಿದ ಹಾಗೆ ಕಾಣುತ್ತದೆ. ಉಬ್ಬುಗಳು ಹೆಚ್ಚು ಕಡಿಮೆ ಎತ್ತರದಲ್ಲಿದ್ದರೆ ಕಾಲು ಭಾರವನ್ನು ಕೆಳಗೆ ಸಾಗಿಸುತ್ತಿದೆ ಅನ್ನಿಸುತ್ತದೆ. ಇವನು ಅದನ್ನು ನಾಲ್ಕೇ ಗೆರೆಯಲ್ಲಿ ಮುಗಿಸಿದ್ದಾನೆ. ಲುಂಗಿಯ ನೆರಿಗೆಯೂ ಸುಮ್ನೆ ಗೀಚಿದ್ದಲ್ಲ. ಬಟ್ಟೆಯ ನೆರಿಗೆ ಎಲ್ಲಿ ಬಟ್ಟೆ ಎಳೆದಿರುತ್ತದೋ ಅಲ್ಲಿಂದ ಹೊರಡುತ್ತದೆ. ಇಲ್ಲಿ ಎರಡು ಗೆರೆ ಸೊಂಟದ ಗಂಟಿನಿಂದ ಹೊರಟು ಎಡ ಮೊಣಕಾಲಿನ ಕಡೆಗೆ ಬರುತ್ತವೆ. ಆ ಮೊಣಕಾಲು ಮಡಚಿದೆ ಅಂತ ಹೇಳಲು ಅಷ್ಟು ಸಾಕು. ಹೆಗಲ ಮೇಲಿನ ಟವೆಲ್ಲಿಗೆ ಮಾತ್ರ ಗೆರೆ ಜಾಸ್ತಿಯಾಯಿತು ಅನ್ನಿಸಿತು.

ಈಗ ನಿಮ್ಮ ಮನೆಯವರ ತಕರಾರು. ಅವರಿಗೆ ಒಂದು ಪ್ರಶ್ನೆ ಕೇಳಿ. ಗಂಜ್‌ನಲ್ಲಿ ಗೊತ್ತಿರುವ ಹಮಾಲರು ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದರೆ ಅವರಿಗೆ ಗುರುತು ಸಿಗುವುದಿಲ್ಲವಾ? ಸಿಗುತ್ತದೆ. ಮುಖ ಕಾಣದಿದ್ದರೂ ನಿಲುವಿನಿಂದ, ತಲೆ ಹಿಡಿದ ರೀತಿಯಿಂದ, ಹೆಗಲು ಇಳಿಸಿದ ರೀತಿಯಿಂದ ನಾವು ಮನುಷ್ಯರನ್ನು ಗುರುತಿಸುತ್ತೇವೆ. ಎರಡು ನಿಮಿಷದಲ್ಲಿ ಒಬ್ಬರನ್ನು ಹಿಡಿಯಬೇಕು ಅಂದರೆ ಯಾವುದನ್ನು ಬಿಡೋದು ಅಂತ ತೀರ್ಮಾನ ಮಾಡಲೇಬೇಕು. ಕಣ್ಣು ಮೂಗಿಗೆ ಕೂತಿದ್ದರೆ ಇಡೀ ಸಮಯ ಅಲ್ಲೇ ಹೋಗುತ್ತಿತ್ತು, ಅಷ್ಟರಲ್ಲಿ ಅವರು ಲಾರಿ ಕಡೆ ನಡೆದಿರುತ್ತಿದ್ದರು. ಅಲ್ಲದೆ ಆ ಮೊಟ್ಟೆ ಆಕಾರದೊಳಗೆ ಒಂದು ಅಡ್ಡ ಗೆರೆ ಇದೆ ನೋಡಿ, ಸ್ವಲ್ಪ ಕೆಳಕ್ಕೆ ಬಾಗಿದ್ದು. ಅದು ಕಣ್ಣಿನ ಮಟ್ಟ. ಮುಖ ಯಾವ ಕಡೆ ತಿರುಗಿದೆ, ಎಷ್ಟು ಬಗ್ಗಿದೆ ಅಂತ ಆ ಒಂದೇ ಗೆರೆ ಹೇಳುತ್ತದೆ. ಅವರು ನೆಲ ನೋಡುತ್ತಿದ್ದಾರೆ.

ಮುಖ ಇಲ್ಲದ ಮನುಷ್ಯರು ನಮ್ಮ ಕಡೆಗೆ ಹೊಸಬರೂ ಅಲ್ಲ. ಬಳ್ಳಾರಿ ಪಕ್ಕದ ಸಂಗನಕಲ್ಲು, ಕುಪ್ಪಗಲ್ಲಿನ ಬೆಟ್ಟದಲ್ಲಿ ಬಂಡೆಯ ಮೇಲೆ ಕಲ್ಲಿನಿಂದ ಕುಟ್ಟಿ ಮಾಡಿದ ಚಿತ್ರಗಳಿವೆ. ಶಿಲಾಯುಗದ ಕಾಲದಿಂದ ಬಂದವು. ಜಾಸ್ತಿ ಇರೋದು ಉದ್ದ ಕೊಂಬಿನ ದನಗಳು, ನಡುನಡುವೆ ಮನುಷ್ಯರು. ಅವರಿಗೆ ಕಣ್ಣು ಮೂಗು ಇಲ್ಲ. ಕೈಕಾಲಿನ ಭಂಗಿಯಲ್ಲೇ ಎಲ್ಲ ಮಾತು.

ನಿಮ್ಮ ಊರಲ್ಲೇ ಇನ್ನೂ ಒಳ್ಳೆಯ ಪಾಠ ಇದೆ. ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತು ಅಡಿಗೂ ಉದ್ದದ ಒಂದೇ ಬಂಡೆ ಇದೆಯಲ್ಲ, 1294ರ ಶಾಸನ ಇರುವುದು? ಅದರ ಹತ್ತಿರವೇ, ಆ ಬಂಡೆಯನ್ನು ಬಂಡಿಯ ಮೇಲೆ ಹಾಕಿ ಎಳೆದು ತಂದ ಚಿತ್ರ ಗೋಡೆಯ ಮೇಲೆ ಕೊರೆದಿದ್ದಾರೆ. ಜೋಡಿ ಜೋಡಿ ದನಗಳ ಉದ್ದ ಸಾಲು, ಓಡಿಸುವ ಜನ, ಗಟ್ಟಿ ಚಕ್ರದ ಬಂಡಿ. ಬರೀ ಗೆರೆಯಲ್ಲಿ. ಆ ಚಿತ್ರದ ವಿಷಯವೇ ತೂಕ. ಬಂಡೆ ಎಷ್ಟು ಭಾರ ಅಂತ ಬಂಡೆಯನ್ನು ನೋಡಿ ತಿಳಿಯೋದಕ್ಕಿಂತ ಆ ಸಾಲಿನ ಉದ್ದ ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ಒಂದು ಸಂಜೆ ನಿಮ್ಮ ಮನೆಯವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ನಾನು ಹೇಳುವುದಕ್ಕಿಂತ ಅದು ಬೇಗ ಒಪ್ಪಿಸುತ್ತದೆ.

ಎಲ್ಲ ಚಿತ್ರಕ್ಕೂ ಇದೇ ಅಳತೆಗೋಲು ಹಿಡಿಯಬೇಡಿ ಮತ್ತೆ. ನಮ್ಮ ಬಳ್ಳಾರಿ ಕಡೆಯ ತೊಗಲು ಗೊಂಬೆ ತಗೊಳ್ಳಿ, ಬೆಳಗಲ್ಲು ವೀರಣ್ಣನವರು ಆಡಿಸುತ್ತಿದ್ದ ಹಾಗಿನದ್ದು. ಅದರಲ್ಲಿ ಅಂಚು ಪೂರ್ತಿ ಸ್ಪಷ್ಟ ಇರಬೇಕು, ಒಡವೆಯ ತೂತು ತೂತೂ ಪರದೆಯಲ್ಲಿ ಬೆಳಗಬೇಕು. ಭಾರದ ಚಿಂತೆ ಅದಕ್ಕಿಲ್ಲ. ಆಡಿಸುವವರ ಕೈ ಅದನ್ನು ಹಿಡಿದಿರುತ್ತದೆ. ಸ್ಕೆಚ್ಚಿನ ಮನುಷ್ಯನನ್ನು ಹಿಡಿಯಲು ಯಾರೂ ಇಲ್ಲ, ತಾನೇ ನಿಲ್ಲಬೇಕು.

ಅಳತೆ ಪ್ರಮಾಣದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಸಾಮಾನ್ಯವಾಗಿ ದೊಡ್ಡವರ ಎತ್ತರ ಏಳೂವರೆ ತಲೆಯಷ್ಟು ಅಂತ ಲೆಕ್ಕ. ನಮ್ಮ ಶಿಲ್ಪಿಗಳದ್ದು ಬೇರೆ, ಅವರು ಮುಖದ ಉದ್ದವನ್ನು ಒಂದು ತಾಳ ಅಂತ ಹಿಡಿದು ನವತಾಳ, ದಶತಾಳ ಅನ್ನುತ್ತಾರೆ. ನಿಮ್ಮ ಚಿತ್ರದಲ್ಲಿ ತಲೆ ಸ್ವಲ್ಪ ಚಿಕ್ಕದು ಅನ್ನಿಸಿತು. ಆದರೆ ಫೋನನ್ನು ಓರೆ ಹಿಡಿದು ತೆಗೆದ ಫೋಟೋದಲ್ಲಿ ಅಳತೆ ಹೆಚ್ಚು ಕಡಿಮೆ ಆಗಿಯೇ ಆಗುತ್ತದೆ. ಹಾಗಾಗಿ ಅದನ್ನು ತಪ್ಪು ಅಂತ ಹೇಳಲಾರೆ.

ಬಲಗೈ ಮಾತ್ರ ಫೋನಿನ ತಪ್ಪಲ್ಲ. ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಾರೆ. ಭಾರ ಬಲಗಾಲಿನ ಮೇಲಿದೆ, ಹಾಗಾಗಿ ಬಲ ಸೊಂಟ ಎದ್ದಿದೆ, ಸರಿ. ಬಲ ಭುಜ ಇಳಿದಿದೆ. ಇಲ್ಲೇ ತೊಡಕು. ಎದ್ದ ಸೊಂಟದ ಮೇಲೆ ಕೈ ಊರಿದರೆ ಆ ಕೈ ಭುಜವನ್ನು ಮೇಲಕ್ಕೆ ದೂಡುತ್ತದೆ. ಭುಜ ಅಷ್ಟು ಇಳಿಯಲು ಜಾಗವೇ ಇಲ್ಲ. ಅಂದರೆ "ಭಾರದ ಕಡೆ ಭುಜ ಇಳಿಯುತ್ತದೆ" ಅಂತ ಕ್ಲಾಸಿನಲ್ಲಿ ಕಲಿತದ್ದು ಕಣ್ಣಿಗಿಂತ ಮುಂದೆ ಓಡಿದೆ. ಅಥವಾ ಕೈ ಮೊದಲು ತೂಗಾಡುತ್ತಿತ್ತು, ಆಮೇಲೆ ಅವರು ಸೊಂಟಕ್ಕೆ ಏರಿಸಿದರು, ಹುಡುಗ ಭುಜವನ್ನು ಹಾಗೇ ಬಿಟ್ಟ. ಪರಿಣಾಮ ಎರಡರಲ್ಲೂ ಒಂದೇ. ಕೈ ಸೊಂಟದ ಪಕ್ಕದಲ್ಲಿದೆ, ಸೊಂಟದ ಮೇಲೆ ಇಲ್ಲ. ನೀವು ಕನ್ನಡಿ ಮುಂದೆ ಬಲಗಾಲಿಗೆ ಭಾರ ಹಾಕಿ ನಿಂತು, ಮೊದಲು ಕೈ ಬಿಟ್ಟು, ಆಮೇಲೆ ಸೊಂಟಕ್ಕೆ ಊರಿ ನೋಡಿ. ಭುಜ ಏಳುವುದು ಕಾಣುತ್ತದೆ. ಚಿತ್ರ ನೋಡಲು ಕಲಿಯೋಕೆ ನಾನು ಹೇಳುವ ಸುಲಭದ ದಾರಿ ಇದು, ಚಿತ್ರದಲ್ಲಿ ಇದ್ದ ಹಾಗೇ ನಿಂತುಬಿಡೋದು. ಎಲ್ಲಿ ನಿಮ್ಮ ಮೈ "ಹೀಗೆ ಆಗಲ್ಲ" ಅನ್ನುತ್ತದೋ ಅಲ್ಲಿ ಚಿತ್ರಕಾರ ಎಡವಿದ್ದಾನೆ ಅಂತ ತಿಳಿಯಿರಿ. ಫೋನಿನಲ್ಲಿ ಚಿತ್ರವನ್ನು ತಲೆಕೆಳಗು ಮಾಡಿ ನೋಡಿದರೂ ಓಲಾಟ ಬೇಗ ಗೊತ್ತಾಗುತ್ತದೆ, ಆಗ ಕಣ್ಣು ಮನುಷ್ಯನನ್ನು ಬಿಟ್ಟು ಗೆರೆಯನ್ನು ನೋಡುತ್ತದೆ.

ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ನಮ್ಮಲ್ಲಿ ಪೆನ್ಸಿಲ್ ಚಿತ್ರ ಅಂದರೆ ಈಗ "ಫೋಟೋ ಇದ್ದಂಗೆ ಇದೆ" ಅನ್ನೋದೇ ದೊಡ್ಡ ಹೊಗಳಿಕೆ. ಫೋಟೋ ನೋಡಿ ದಿನಗಟ್ಟಲೆ ಶೇಡಿಂಗ್ ಮಾಡಿದ ಮುಖಗಳಿಗೆ ಫೋನಿನಲ್ಲಿ ಲೈಕ್ ಮೇಲೆ ಲೈಕ್. ಆ ತಾಳ್ಮೆಗೆ ನನ್ನ ಗೌರವ ಇದೆ, ಆದರೆ ಅದರಲ್ಲಿ ನೋಡಿದ್ದು ಕ್ಯಾಮೆರಾ. ಕಲಬುರಗಿಯ ಎಸ್.ಎಂ. ಪಂಡಿತರ (1916–1993) ಚಿತ್ರಗಳಲ್ಲಿ ದೇವರು, ವೀರರು ಅಷ್ಟು ಗಟ್ಟಿಯಾಗಿ ನಿಂತಿರೋದಕ್ಕೆ ಬಣ್ಣದ ನುಣುಪು ಕಾರಣ ಅಲ್ಲ, ಒಳಗಿನ ಡ್ರಾಯಿಂಗ್ ಕಾರಣ. ಇನ್ನೊಂದು ತುದಿಯಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು (1911–1996). ಅವರ ನೃತ್ಯದ ರೇಖಾಚಿತ್ರಗಳಲ್ಲಿ ಕೆಲವೇ ಗೆರೆ, ಆದರೆ ಕುಣಿಯುವವರ ತೂಕ ಯಾವ ಕಾಲಿನ ಮೇಲಿದೆ ಅಂತ ಅನುಮಾನವೇ ಬರುವುದಿಲ್ಲ. ನಿಮ್ಮ ಹುಡುಗನಿಗೆ ಹೆಬ್ಬಾರರ ರೇಖೆಗಳನ್ನು ನೋಡಲು ಹೇಳಿ.

ಫ್ರೇಮ್ ಹಾಕಿಸಿ, ಖಂಡಿತ. ಆದರೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ನಮ್ಮ ಊರುಗಳಲ್ಲಿ ಮಾರ್ಕ್ಸ್ ಕಾರ್ಡಿನಿಂದ ಹಿಡಿದು ಎಲ್ಲವನ್ನೂ ಲ್ಯಾಮಿನೇಷನ್‌ಗೆ ಕೊಡುವ ಅಭ್ಯಾಸ. ಬಿಸಿಗೆ ಪ್ಲಾಸ್ಟಿಕ್ ಒಮ್ಮೆ ಅಂಟಿತು ಅಂದರೆ ಹಾಳೆಯನ್ನು ಮತ್ತೆ ಬಿಡಿಸಲಾಗದು, ಗೆರೆಯ ಒತ್ತು ಕೂಡ ಮಂಕಾಗುತ್ತದೆ. ಪೆನ್ಸಿಲ್ಲಿನ ಕಡ್ಡಿ ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. ಗ್ರಾಫೈಟ್ ಬಿಸಿಲಿಗೆ ಮಾಸುವುದಿಲ್ಲ, ಆದರೆ ಕೈ ತಾಗಿದರೆ ಒರೆಸಿ ಹೋಗುತ್ತದೆ. ಇದು 4ಬಿ ಅಥವಾ 6ಬಿ ಇದ್ದ ಹಾಗಿದೆ, ಮೆತ್ತನೆ ಜಾತಿ, ಇನ್ನೂ ಬೇಗ ಒರೆಸುತ್ತದೆ. ಮಾಸೋದು ಕಾಗದ. ನೋಟ್‌ಬುಕ್ ಹಾಳೆ ಬಿಸಿಲಿಗೆ ಹಳದಿಯಾಗಿ ಪುಡಿಯಾಗುತ್ತದೆ. ಹಾಗಾಗಿ ಮಧ್ಯಾಹ್ನದ ಬಿಸಿಲು ಬೀಳುವ ಗೋಡೆ ಬೇಡ.

ಚಿತ್ರ ಗಾಜಿಗೆ ತಾಗಬಾರದು. ಸುತ್ತ ದಪ್ಪ ರಟ್ಟಿನ ಮೌಂಟ್ ಹಾಕಿದರೆ ನಡುವೆ ಸಂದು ಉಳಿಯುತ್ತದೆ, ಫ್ರೇಮ್ ಅಂಗಡಿಯವರಿಗೆ ಗೊತ್ತಿರುತ್ತದೆ. ಹಿಂದೆ ಸೆಲೋ ಟೇಪ್ ಹಚ್ಚಲು ಬಿಡಬೇಡಿ, ಅದರ ಅಂಟು ಕಾಗದಕ್ಕೆ ಕಂದು ಕಲೆ ಮಾಡುತ್ತದೆ. ಹರಿದ ಅಂಚನ್ನು ಕತ್ತರಿಸಿ ನೀಟು ಮಾಡಬೇಡಿ. ಎಡಪಾದದ ಮುಂದೆ ಖಾಲಿ ಜಾಗ ಇದೆಯಲ್ಲ, ಅದು ಚಿತ್ರದ ನೆಲ. ಅದನ್ನು ಕತ್ತರಿಸಿದರೆ ಅವರಿಗೆ ನಿಲ್ಲಲು ಜಾಗ ಇರುವುದಿಲ್ಲ. ಮತ್ತೆ ಫ್ರೇಮಿಗೆ ಕೊಡುವ ಮೊದಲು ಹುಡುಗನಿಗೆ ಫೋನ್ ಮಾಡಿ ತಾರೀಖು ಕೇಳಿ, ಹಿಂಬದಿಯಲ್ಲಿ ಮೂಲೆಗೆ ತಾರೀಖು, ಗಂಜ್ ಅಂತ ಬರೆದಿಡಿ. ಪೆನ್ಸಿಲ್ಲಿನಲ್ಲೇ ಬರೆಯಿರಿ, ಹಗುರಾಗಿ. ಬಾಲ್ ಪೆನ್ನಿನ ಒತ್ತು ಮುಂದಿನ ಬದಿಗೆ ಮೂಡುತ್ತದೆ.